ಮೊದಲ ಪಾಲಿಗೆ ದಾಳವೇಕೆ?

ಮಕ್ಕಳ ಆಟವೊಂದನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯಲು ಹೊರಟವನನ್ನು ಕಂಡು ವಾಚಕಮಹಾಶಯರಲ್ಲಿ ಕೆಲವರು ನಗಬಹುದು. ವ್ಯಾಕರಣವನ್ನೂ ಅಲಂಕಾರವನ್ನೂ ಬಿಟ್ಟು ಈ ಮುದುಕನಿಗೆ ದಾಳದ ಗೊಡವೆ ಯಾತಕ್ಕೆಂದು ಕೇಳಬಹುದು. ನಗುವವರು ನಗಲಿ. ಆಟದ ಕಟ್ಟಳೆಯಲ್ಲಿ ಅಡಗಿರುವ ಅನ್ಯಾಯವು ಮಕ್ಕಳ ಮನಸ್ಸಿಗೆ ಪಾಠವಾಗಿ ಇಳಿಯುವುದೆಂಬುದನ್ನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳ ನಡುವೆ ಕಳೆದವನು ಬಲ್ಲನು. ಬಲ್ಲವನು ಸುಮ್ಮನಿರುವುದು ತರವಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುವಾಗ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ತಂದನು. ೧೯೭೪ರಲ್ಲಿ ಅಮೆರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ಆಟವಿದು. ಇದರಲ್ಲಿ ಹಾಸೂ ಕಾಯಿಯೂ ಮುಖ್ಯವಲ್ಲ, ಮಾತೇ ಮುಖ್ಯ. ಒಬ್ಬನು ಸೂತ್ರಧಾರನಾಗಿ ಕಾಡು, ಕೋಟೆ, ಗವಿಗಳನ್ನು ವರ್ಣಿಸುವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ತಮ್ಮ ಪಾತ್ರವು ಏನು ಮಾಡುವುದೆಂಬುದನ್ನು ಹೇಳುವರು. ನಮ್ಮ ಬಯಲಾಟಕ್ಕೂ ಹರಿಕಥೆಗೂ ಇದು ದೂರದ ನೆಂಟನೆಂದು ಕಂಡು ನನಗೆ ಮೊದಲು ಸಂತೋಷವೇ ಆಯಿತು.

ಪ್ರತಿಯೊಂದು ಪಾತ್ರಕ್ಕೂ ಆರು ಗುಣಗಳುಂಟು: ಬಲ, ಲಾಘವ, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಆಟ ತೊಡಗುವುದಕ್ಕೆ ಮುಂಚೆ ಒಂದೊಂದು ಗುಣಕ್ಕೂ ಒಂದೊಂದು ಅಂಕವನ್ನು ಗೊತ್ತುಮಾಡಬೇಕು. ನನ್ನ ಮೊಮ್ಮಗನು 'ಹಳೆಯ ಪದ್ಧತಿಯೇ ಶುದ್ಧ' ಎಂದು ಹೇಳಿ ಆರು ಮುಖದ ಮೂರು ದಾಳಗಳನ್ನು ಮಕ್ಕಳ ಕೈಗೆ ಕೊಟ್ಟು, ಬಿದ್ದ ಮೊತ್ತವನ್ನು ಕ್ರಮವಾಗಿ ಬರೆಯಿಸಿದನು. ಎದುರುಮನೆಯ ಹುಡುಗನಿಗೆ ೧೬, ೧೩, ೧೭, ೧೪, ೧೨, ೧೫ ಬಿದ್ದುವು. ನಮ್ಮ ಬೀದಿಯ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ೮, ೬, ೫, ೧೧, ೭, ೯ ಬಿದ್ದುವು. ಒಬ್ಬನ ಮೊತ್ತ ೮೭, ಮತ್ತೊಬ್ಬಳದು ೪೬. ಎರಡನೆಯ ಸಂಜೆ ನಾನು ಅವಳನ್ನು, "ನಿನ್ನ ಪಾತ್ರ ಏನು ಮಾಡುತ್ತದೆಯಮ್ಮ?" ಎಂದು ಕೇಳಿದೆನು. ಅವಳು, "ನನ್ನವಳ ಕೈಲಿ ಏನೂ ಆಗಲ್ಲ ತಾತ. ದೀಪ ಹಿಡ್ಕೊಂಡು ಹಿಂದೆ ಬರ್ತಾಳೆ, ಅಷ್ಟೆ" ಎಂದಳು. ಮೂರು ಸಂಜೆ ಆ ಮಗು ದೀಪ ಹಿಡಿಯಿತು. ನಾಲ್ಕನೆಯ ಸಂಜೆ ಬರಲಿಲ್ಲ.

ಈ ಸಂಗತಿಯನ್ನು ನಮ್ಮ ಸಂಘದ ಮಿತ್ರರೊಬ್ಬರಲ್ಲಿ ಹೇಳಿದಾಗ ಅವರು ದಾಳದ ಪಕ್ಷವನ್ನೇ ವಹಿಸಿ ಮೂರು ವಾದಗಳನ್ನು ಹೂಡಿದರು. ಅವರು ವಿದ್ವಾಂಸರು, ನನಗೆ ಪೂಜ್ಯರು. ಆದರೂ ಅವರ ವಾದಗಳನ್ನು ಒಂದೊಂದಾಗಿ ಖಂಡಿಸದೆ ವಿಧಿಯಿಲ್ಲ.

ಮೊದಲನೆಯ ಪೂರ್ವಪಕ್ಷ: ದಾಳವು ನಿಷ್ಪಕ್ಷಪಾತಿಯಾದುದು, ಅದಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ, ಆದುದರಿಂದ ಅದು ಕೊಟ್ಟದ್ದು ನ್ಯಾಯ.

ನಳಮಹಾರಾಜನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆಯೇ ಕಲಿಯು ಅವನ ದೇಹವನ್ನು ಬಿಟ್ಟುಹೋದನಷ್ಟೆ? ನಾವೂ ದಾಳದ ಒಳಲೆಕ್ಕವನ್ನು ಸ್ವಲ್ಪ ನೋಡೋಣ. ಮೂರು ದಾಳಗಳು ಬೀಳಬಹುದಾದ ವಿಧಗಳು ೨೧೬. ಇವುಗಳಲ್ಲಿ ಹತ್ತು ಅಥವಾ ಹನ್ನೊಂದು ಬರುವುವು ೫೪. ಹದಿನೆಂಟು ಬರುವುದು ಒಂದೇ ಒಂದು. ಮೂರು ಬರುವುದೂ ಒಂದೇ ಒಂದು. ಸರಾಸರಿ ಹತ್ತೂವರೆ. ಸರಾಸರಿಯು ಎಲ್ಲರಿಗೂ ಒಂದೇ ಎಂದು ಮಿತ್ರರು ಹೇಳುವರು. ಆದರೆ ಸರಾಸರಿಯೆಂಬುದು ಪಂಕ್ತಿಯ ಲೆಕ್ಕ. ಹಸಿವು ಒಬ್ಬೊಬ್ಬರ ಹೊಟ್ಟೆಯದು. ಈ ಆಟದಲ್ಲಿ ಯಾವ ಸಾಹಸಕ್ಕೂ ಇಪ್ಪತ್ತು ಮುಖದ ದಾಳವೊಂದನ್ನು ಹಾಕಿ, ಬಿದ್ದ ಅಂಕಕ್ಕೆ ಗುಣದ ಫಲವನ್ನು ಸೇರಿಸಬೇಕು. ಹತ್ತು ಹನ್ನೊಂದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೇಲಕ್ಕೆ ಎರಡೆರಡು ಅಂಕಕ್ಕೆ ಒಂದೊಂದು ಕೂಡುವುದು, ಕೆಳಕ್ಕೆ ಎರಡೆರಡಕ್ಕೆ ಒಂದೊಂದು ಕಳೆಯುವುದು. ಹದಿನೇಳು ಬಿದ್ದ ಹುಡುಗನಿಗೆ ಮೂರು ಕೂಡಿತು. ಅದೇ ಗುಣಕ್ಕೆ ಐದು ಬಿದ್ದ ಹುಡುಗಿಗೆ ಮೂರು ಕಳೆಯಿತು. ನಡುವಣ ಅಂತರ ಆರು, ಎಂದರೆ ಇಪ್ಪತ್ತರಲ್ಲಿ ಆರು, ಎಂದರೆ ನೂರಕ್ಕೆ ಮೂವತ್ತು. ಹೀಗೆ ಒಂದು ಸಲವಲ್ಲ. ಆ ಪಾತ್ರವು ಬದುಕಿರುವಷ್ಟು ಕಾಲವೂ ಈ ಅಂತರವು ಅವಳ ಬೆನ್ನ ಹಿಂದೆಯೇ ಬರುವುದು.

ದಾಳವು ಪಕ್ಷಪಾತ ಮಾಡದೆಂಬುದು ನಿಜ. ಆದರೆ ಎಸೆಯುವ ಕೈಗೆ ಪಕ್ಷಪಾತವಿಲ್ಲವೆಂಬುದು ಬೇರೆ, ಬಂದ ಪಾಲು ಸಮವೆಂಬುದು ಬೇರೆ. ಅಣ್ಣತಮ್ಮಂದಿರ ಪಾಲಾಗುವಾಗ ನಮ್ಮ ಹಳ್ಳಿಗಳಲ್ಲಿ ಏನು ಮಾಡುವರು? ಹಿರಿಯರು ಕುಳಿತು ತರಿ, ಖುಷ್ಕಿ, ಬಾವಿ, ಮರಗಳನ್ನು ತೂಗಿ ನೋಡಿ ಪಾಲುಗಳನ್ನು ಮೊದಲು ಸಮ ಮಾಡುವರು. ಆ ಮೇಲೆ ಯಾವ ಪಾಲು ಯಾರಿಗೆಂಬುದಕ್ಕೆ ಮಾತ್ರ ಚೀಟಿ ಎತ್ತಿಸುವರು. ಪಾಲಿನ ಗಾತ್ರವನ್ನೇ ಚೀಟಿಗೆ ಬಿಟ್ಟ ಪಂಚಾಯಿತಿಯನ್ನು ನಾನು ಕಂಡಿಲ್ಲ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು, ಹಿರಿಯ ಮಗನಿಗೆ ಹೆಚ್ಚಿನ ಪಾಲೆಂಬುದು ಶಾಸ್ತ್ರದಲ್ಲಿ ಕಂಡುಬಂದರೂ ಲೋಕಕ್ಕೆ ಒಪ್ಪದ ಕಾರಣ ಅದನ್ನು ಆಚರಿಸತಕ್ಕುದಲ್ಲವೆಂದು ತೀರ್ಮಾನಿಸಿದನು. ಶಾಸ್ತ್ರದ ವಿಷಮಭಾಗವೇ ನಮಗೆ ಸಲ್ಲದೆ ಹೋದ ಮೇಲೆ ದಾಳದ ವಿಷಮಭಾಗವು ಹೇಗೆ ಸಲ್ಲುವುದು?

ನಮ್ಮ ಹಿರಿಯರ ಆಟಗಳನ್ನೂ ನೋಡಿರಿ. ಪಗಡೆಯಲ್ಲಿ, ಚೌಕಾಬಾರದಲ್ಲಿ ಆಡುವ ಎಲ್ಲರಿಗೂ ನಾಲ್ಕು ನಾಲ್ಕೇ ಕಾಯಿ. ಅಳಗುಳಿಮಣೆಯಲ್ಲಿ ಗುಳಿಗುಳಿಗೂ ಬೀಜಗಳು ಸಮ. ಪರಮಪದಸೋಪಾನದಲ್ಲಿ ಏಣಿ ಹಾವುಗಳು ಎಷ್ಟಿದ್ದರೂ ಎಲ್ಲರೂ ಹೊರಡುವುದು ಒಂದನೆಯ ಮನೆಯಿಂದಲೇ. ದಾಳವೂ ಕವಡೆಯೂ ಅಲ್ಲಿಯೂ ಉಂಟು, ಆದರೆ ಅವು ನಡೆಗೆ, ಮೊದಲ ಪಾಲಿಗಲ್ಲ. ಇಸ್ಪೀಟಿನಲ್ಲಿ ಎಲೆಗಳು ಸಮನಾಗಿ ಬೀಳುವುದಿಲ್ಲವಲ್ಲಾ ಎಂದು ಕೇಳುವಿರಾದರೆ, ಆ ಎಲೆಗಳ ಆಯುಸ್ಸು ಹತ್ತು ನಿಮಿಷ. ಮತ್ತೆ ಕಲಸಿ ಹಂಚುವರು. ಈ ಪಾತ್ರದಾಟವಾದರೋ ಒಮ್ಮೆ ತೊಡಗಿದರೆ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಸಾಗುವಂತಹುದು.

ಎರಡನೆಯ ಪೂರ್ವಪಕ್ಷ: ಬಾಳೇ ವಿಷಮವಾಗಿರುವಾಗ ಆಟವು ಸಮವಾಗಿರಬೇಕೇಕೆ? ಹುಟ್ಟು ಯಾರ ಕೈಯಲ್ಲಿದೆ? ಅವರವರ ಪ್ರಾರಬ್ಧ ಅವರವರಿಗೆ. ಮಕ್ಕಳು ಇದನ್ನು ಎಳವೆಯಲ್ಲೇ ಕಲಿಯಲಿ.

ಕರ್ಮಸಿದ್ಧಾಂತವನ್ನು ಓದಿದವರು ಹೀಗೆ ಹೇಳಬಾರದಾಗಿತ್ತು. ಪ್ರಾರಬ್ಧವೆಂದರೆ ಮಾಡಿದ್ದರ ಫಲ. ದಾಳವೆಂದರೆ ಏನೂ ಮಾಡದೆ ಬಂದ ಫಲ. ಇವೆರಡಕ್ಕೂ ಹಗಲಿರುಳಷ್ಟು ವ್ಯತ್ಯಾಸ. ಅದಂತಿರಲಿ, ದಾಳವನ್ನು ಹೊಗಳುವವರಿಗೆ ಅದರಲ್ಲಿ ನಂಬಿಕೆಯಾದರೂ ಇದೆಯೆ? ಮೂರೋ ನಾಲ್ಕೋ ಬಿದ್ದಾಗ, 'ಕೈ ಜಾರಿತು' ಎಂದು ಮತ್ತೊಮ್ಮೆ ಹಾಕುವುದನ್ನು ನಮ್ಮ ಜಗಲಿಯಲ್ಲೇ ಕಂಡಿದ್ದೇನೆ. ಅಂಕ ಸಾಲದ ಪಾತ್ರವನ್ನು ಬೇಕೆಂದೇ ಮೊದಲ ಹೊಡೆತಕ್ಕೆ ಒಡ್ಡಿ ಕೊಲ್ಲಿಸಿ, ಹೊಸ ಪಾತ್ರಕ್ಕೆ ದಾಳ ಕೇಳಿದ ಜಾಣನನ್ನೂ ಕಂಡಿದ್ದೇನೆ. ದೈವವೆಂದು ನಂಬಿದವನು ದೈವಕ್ಕೆ ಎರಡನೆಯ ಅವಕಾಶ ಕೊಡುವನೆ? ಆಟವನ್ನು ಕಟ್ಟಿದವರೇ ಬೇಗ ಮನಸ್ಸು ಬದಲಾಯಿಸಿದರು. ೧೯೭೪ರ ಕಟ್ಟಳೆಯಲ್ಲಿ ಮೂರು ದಾಳ, ಅದೂ ಸೂತ್ರಧಾರನ ಕೈಯಲ್ಲಿ. ೧೯೭೯ರಲ್ಲಿ ಗೈಗ್ಯಾಕ್ಸ್ ಸೂತ್ರಧಾರರಿಗೆಂದು ಬರೆದ ಗ್ರಂಥದಲ್ಲಿ ನಾಲ್ಕು ವಿಧಾನಗಳನ್ನು ಕೊಟ್ಟನು. ಮೂರು ದಾಳವನ್ನು ಒಂದೇ ಸಲ ಹಾಕಿ ಬಂದದ್ದನ್ನು ಸ್ವೀಕರಿಸುವ ವಿಧಾನವು ಆ ನಾಲ್ಕರಲ್ಲಿ ಇಲ್ಲ. ನಾಲ್ಕು ದಾಳ ಹಾಕಿ ಕಡಮೆಯದನ್ನು ಬಿಡುವುದು, ಹನ್ನೆರಡು ಸಲ ಹಾಕಿ ಒಳ್ಳೆಯ ಆರನ್ನು ಆಯುವುದು, ಇಂತಹವೇ ಎಲ್ಲವೂ. ಐದು ವರ್ಷಕ್ಕೆ ಕಟ್ಟಿದವರೇ ಸಡಿಲಿಸಿದ್ದನ್ನು 'ಶುದ್ಧ' ಎಂದು ನಾವು ಹಿಡಿದುಕೊಂಡಿರುವುದೇಕೆ?

ಈ ವಾದದ ಸಮರ್ಥನೆಗಾಗಿ ಮಿತ್ರರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು ಉದಾಹರಿಸಿದರು. ಬಡತನದಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದ ಆ ಹುಡುಗನು ಮುಂದೆ ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಲಿಲ್ಲವೆ ಎಂದರು. ಆದರು, ಸತ್ಯ. ಆದರೆ ನಡೆದುಹೋಗಿ ಗೆದ್ದವರ ಹೆಸರು ನಮಗೆ ಗೊತ್ತು. ನಡೆಯಲಾರದೆ ನಿಂತವರ ಹೆಸರನ್ನು ಬರೆದಿಟ್ಟವರು ಯಾರು? ಅದಕ್ಕಿಂತ ಮುಖ್ಯವಾದುದು, ಆ ಮಹನೀಯರು ತಾವು ನಡೆದ ದಾರಿಯನ್ನು ಮಕ್ಕಳಿಗೆಲ್ಲ ನೀತಿಯೆಂದು ವಿಧಿಸಲಿಲ್ಲ. ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ಕಟ್ಟಿಸಿ, ಮುಂದಿನವರು ಹಾಗೆ ನಡೆಯಬೇಕಾದ ಅಗತ್ಯವನ್ನೇ ತಪ್ಪಿಸಿದರು. ವಿಷಮವನ್ನು ಉಂಡವರು ಮಾಡುವ ಕೆಲಸ ಅದು. ಬಾಳಿನ ದಾಳವನ್ನು ತಿದ್ದುವ ಶಕ್ತಿ ನಮಗೆ ಅಲ್ಪ. ಆಟದ ದಾಳವನ್ನು ತಿದ್ದುವ ಶಕ್ತಿ ಪೂರ್ಣವಾಗಿಯೇ ಇದೆ. ಶಕ್ತಿಯಿದ್ದ ಎಡೆಯಲ್ಲಿಯೂ ಅನ್ಯಾಯವನ್ನು ಆರಿಸಿಕೊಂಡರೆ ದೂರನ್ನು ದೈವದ ಮೇಲೆ ಹೊರಿಸುವುದು ಹೇಗೆ?

ಮೂರನೆಯ ಪೂರ್ವಪಕ್ಷವು ಸ್ವಲ್ಪ ಗಟ್ಟಿಯಾದುದು: ಎಲ್ಲರಿಗೂ ಸಮಾಂಕ ಕೊಟ್ಟರೆ ಪಾತ್ರಗಳೆಲ್ಲ ಒಂದೇ ಎರಕದವಾಗುವುವು; ಕುಂದುಳ್ಳ ಪಾತ್ರದಲ್ಲಿಯೇ ರಸವುಂಟು. ವಿದುರನಿಗೆ ಸಿಂಹಾಸನವು ತಪ್ಪಿದ್ದರಿಂದಲ್ಲವೆ ಅವನು ವಿದುರನಾದದ್ದು?

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ವಿದುರನು ನೆಟ್ಟನೆಂದು ಹೇಳುವ ಅಶ್ವತ್ಥದ ಸನ್ನಿಧಿಯನ್ನು ನೋಡಿದವರಾರೂ ಅವನ ಹೆಸರನ್ನು ದಾಳದ ಪಕ್ಷಕ್ಕೆ ಎಳೆಯಬಾರದು. ದ್ಯೂತವು ಬೇಡವೆಂದು ತುಂಬಿದ ಸಭೆಯಲ್ಲಿ ಕೂಗಿ ಹೇಳಿದವನು ಅವನೇ. ಇರಲಿ. ಕುಂದಿನಲ್ಲಿ ರಸವಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಾವ್ಯವೆಂದು ನೋಡಿದರೆ, ವ್ಯಾಸರು ದಾಳ ಹಾಕಿ ವಿದುರನನ್ನು ಸೃಷ್ಟಿಸಲಿಲ್ಲ. ಯಾವ ಪಾತ್ರಕ್ಕೆ ಯಾವ ಕುಂದು, ಅದು ಎಲ್ಲಿ ಫಲಿಸಬೇಕು ಎಂಬುದನ್ನು ಕವಿಯು ಅರಿತೇ ಇಟ್ಟನು. ತಾನೇ ಆರಿಸಿಕೊಂಡ ಕುಂದಿನಿಂದ ಕಥೆ ಹುಟ್ಟುವುದು. ಮೇಲಿನಿಂದ ಬಿದ್ದ ಕುಂದಿನಿಂದ ಮಗುವಿಗೆ ನಾಚಿಕೆ ಹುಟ್ಟುವುದು.

ಅಂಕಗಳನ್ನು ಹಣದಂತೆ ಕೊಟ್ಟು ಗುಣಗಳನ್ನು ಕೊಳ್ಳಿರೆಂದರೆ ಮಕ್ಕಳು ಶೆಟ್ಟರ ಲೆಕ್ಕವನ್ನು ಕಲಿಯುವರೆಂಬ ಮಿತ್ರರ ಅಂಜಿಕೆಯಲ್ಲಿಯೂ ಸತ್ಯಾಂಶವಿದೆ. ೨೭ ಬಿಡಿ ಅಂಕಗಳನ್ನು ಕೊಟ್ಟು, ಎಂಟರಿಂದ ಹದಿನೈದರ ತನಕ ಕೊಳ್ಳಬಹುದೆಂಬ ವಿಧಾನವೊಂದು ಈ ಆಟದಲ್ಲಿ ಉಂಟು. ಅದನ್ನು ಕಂಡ ಒಬ್ಬ ಹುಡುಗನು ಬುದ್ಧಿ, ವಿವೇಕ, ವರ್ಚಸ್ಸು ಮೂರನ್ನೂ ಎಂಟಕ್ಕೆ ಇಳಿಸಿ ಉಳಿದ ಮೂರನ್ನು ಹದಿನೈದಕ್ಕೆ ಏರಿಸಿದನು. ಆದುದರಿಂದ ನಾನು ಹೇಳುವುದು ಅದನ್ನಲ್ಲ. ೨೦೧೪ರ ಆವೃತ್ತಿಯಲ್ಲಿ ಮೂರನೆಯದೊಂದು ಸರಳ ವಿಧಾನವುಂಟು: ೧೫, ೧೪, ೧೩, ೧೨, ೧೦, ೮ ಎಂಬ ಆರು ಅಂಕಗಳು ಎಲ್ಲರಿಗೂ ಸಮ, ಯಾವುದನ್ನು ಯಾವ ಗುಣಕ್ಕೆ ಇಡಬೇಕೆಂಬುದು ಅವರವರ ಇಷ್ಟ. ಇಲ್ಲಿ ಮೊತ್ತ ಎಲ್ಲರಿಗೂ ೭೨. ಆದರೂ ಪಾತ್ರಗಳು ಒಂದೇ ಎರಕದವಲ್ಲ, ಏಕೆಂದರೆ ಆರು ಅಂಕಗಳನ್ನು ಆರು ಗುಣಗಳಲ್ಲಿ ೭೨೦ ವಿಧವಾಗಿ ಇಡಬಹುದು. ಎಂಟನ್ನು ಎಲ್ಲಾದರೂ ಇಡಲೇಬೇಕು. ತನ್ನ ಪಾತ್ರದ ಕುಂದು ಯಾವುದೆಂದು ಮಗುವು ತಾನೇ ಯೋಚಿಸಲೇಬೇಕು. ದಾಳವು ಆಮೇಲೆ ಬರಲಿ, ಕಾಡಿನಲ್ಲಿ, ಗವಿಯಲ್ಲಿ, ಯುದ್ಧದಲ್ಲಿ ಎಷ್ಟು ಬೇಕಾದರೂ ಉರುಳಲಿ. ಇದೇ ಸಿದ್ಧಾಂತ.

ಇಷ್ಟು ಬಿರುಸಾಗಿ ಬರೆಯುವುದಕ್ಕೆ ಕಾರಣವಿದೆ, ಅದನ್ನು ಮುಚ್ಚಿಡಲಾರೆ. ನಮ್ಮ ಊರುಗಳು ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಶಿಡ್ಲಘಟ್ಟದ ಕಡೆಯ ಒಂದು ಶಾಲೆಯಲ್ಲಿ ನಾನು ಹೊಸ ಉಪಾಧ್ಯಾಯ. ಮೊದಲ ದಿನವೇ ಹತ್ತು ಶಬ್ದಗಳ ಉಕ್ತಲೇಖನವನ್ನು ಕೊಟ್ಟು, ಬಂದ ಅಂಕದ ಮೇಲೆ ಮಕ್ಕಳನ್ನು ಮೂರು ಸಾಲಾಗಿ ಕೂರಿಸಿದೆನು. ನಾಲ್ಕೇ ಶಬ್ದ ಬರೆದ ಒಬ್ಬ ಹುಡುಗನು ಹಿಂದಿನ ಸಾಲಿಗೆ ಹೋದನು. ಅವನ ಹೆಸರಿನ ಮುಂದೆ 'ಮಂದ' ಎಂದು ನನ್ನ ಕೈಯಾರೆ ಬರೆದೆನು. ಹಿಂದಿನ ಸಾಲಿಗೆ ನಾನು ಪ್ರಶ್ನೆ ಕೇಳುತ್ತಿದ್ದುದೇ ಅಪರೂಪ. ಕೇಳದವನಿಗೆ ಉತ್ತರ ಬರುವುದೆಲ್ಲಿಂದ? ದಸರೆಯ ರಜೆ ಕಳೆದ ಮೇಲೆ ಅವನು ಬರಲಿಲ್ಲ. ಮನೆ ಹುಡುಕಿಕೊಂಡು ಹೋದಾಗ, ರೇಷ್ಮೆಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ನೂಲಿನ ಎಳೆ ಹುಡುಕುತ್ತಿದ್ದನು. ಬೆರಳ ತುದಿಗಳೆಲ್ಲ ಬೆಂದು ಸಿಪ್ಪೆ ಸುಲಿದಿದ್ದುವು. ಶಾಲೆಗೆ ಬರುತ್ತಿದ್ದಾಗಲೂ ಮುಂಜಾನೆ ಅದೇ ಕೆಲಸ ಮಾಡಿ ಬರುತ್ತಿದ್ದನೆಂದು ಅವನ ತಾಯಿ ಹೇಳಿದಳು. ಮೊದಲ ದಿನ ನಾನು ಅಳೆದದ್ದು ಅವನ ಬುದ್ಧಿಯನ್ನಲ್ಲ. ಬಳಪ ಹಿಡಿಯಲಾರದ ಬೆರಳುಗಳನ್ನು. ಅವನು ಮರಳಿ ಶಾಲೆಗೆ ಬರಲೇ ಇಲ್ಲ. ಅಂದು ನನ್ನ ಕೈಯಲ್ಲಿ ಇದ್ದುದು ಬಳಪವಾದರೂ ನಾನು ಹಾಕಿದ್ದು ದಾಳವನ್ನೇ.

ಮೊದಲು ಬರೆದ ಅಂಕವು ಬಲು ಬೇಗ ಒಣಗಿ ಗಟ್ಟಿಯಾಗುವುದು. ಅದನ್ನು ಪಡೆದವನೂ ಕೊಟ್ಟವನೂ ಅದನ್ನೇ ಸ್ವಭಾವವೆಂದು ತಿಳಿಯುವರು. 'ನನ್ನವಳ ಕೈಲಿ ಏನೂ ಆಗಲ್ಲ' ಎಂದ ಹುಡುಗಿಯು ಪಾತ್ರವನ್ನು ಕುರಿತು ಹೇಳಿದಳೆಂದು ಮಿತ್ರರು ತಿಳಿದಿದ್ದಾರೆ. ನನಗೆ ಹಾಗೆ ಕೇಳಿಸಲಿಲ್ಲ. ಐದನೆಯ ಸಂಜೆ ನಾನೇ ಅವಳ ಮನೆಗೆ ಹೋಗಿ ಕರೆತಂದು, ಹಳೆಯ ಹಾಳೆಗಳನ್ನೆಲ್ಲ ಹರಿಸಿ, ಆರು ಅಂಕಗಳನ್ನು ಎಲ್ಲರಿಗೂ ಸಮನಾಗಿ ಹಂಚಿಸಿದೆನು. ಮೊಮ್ಮಗನು ಮುಖ ಊದಿಸಿಕೊಂಡನು. ಅವಳು ಬಹಳ ಹೊತ್ತು ಯೋಚಿಸಿ ಎಂಟನ್ನು ಬಲಕ್ಕೂ ಹದಿನೈದನ್ನು ವಿವೇಕಕ್ಕೂ ಇಟ್ಟುಕೊಂಡಳು. ರಜೆ ಮುಗಿಯುವ ತನಕ ಒಂದು ಸಂಜೆಯೂ ತಪ್ಪಿಸಲಿಲ್ಲ.

ಮನೆಗಳಲ್ಲಿ ಮಕ್ಕಳು ಇಂತಹ ಆಟಕ್ಕೆ ಕುಳಿತಾಗ ಹಿರಿಯರು ಗದರಿಸಿ ಎಬ್ಬಿಸಬೇಕಾಗಿಲ್ಲ. ಮೊದಲು ಬರೆಯುವ ಹಾಳೆಯನ್ನು ಮಾತ್ರ ಒಮ್ಮೆ ನೋಡಲಿ. ನನ್ನ ಮಿತ್ರರು ಇದಕ್ಕೆ ಉತ್ತರ ಬರೆಯುವುದಾದರೆ ಅವಶ್ಯವಾಗಿ ಬರೆಯಲಿ, ಓದಲು ಕಾದಿರುತ್ತೇನೆ. ಆದರೆ ಬರೆಯುವ ಮುನ್ನ ನಮ್ಮ ಜಗಲಿಗೆ ದಯಮಾಡಿಸಿ, ಐದು ಎಂಬ ಅಂಕವನ್ನು ಪಡೆದ ಮಗುವಿನ ಪಕ್ಕದಲ್ಲಿ ಒಂದು ಸಂಜೆ ಕುಳಿತಿರಬೇಕೆಂದು ಮಾತ್ರ ಬೇಡುತ್ತೇನೆ.