ಮಣಿಕರ್ಣಿಕೆಯ ತಕ್ಕಡಿ

ದೆಹಲಿಗೆ ಬಂದು ಮೂವತ್ತು ವರ್ಷ ಆದಮೇಲೆ, 2019ರ ಚಳಿಗಾಲದಲ್ಲಿ ಮೊದಲ ಸಲ ಕಾಶಿಗೆ ಹೋದೆ. ಮಣಿಕರ್ಣಿಕಾ ಘಾಟ್‌ನಲ್ಲಿ ಸೌದೆ ರಾಶಿ, ಪಕ್ಕದಲ್ಲೇ ದೊಡ್ಡ ತಕ್ಕಡಿ. ಒಂದು ಹೆಣಕ್ಕೆ ಸುಮಾರು 300 ಕಿಲೋ ಬೇಕಂತೆ. ತೂಗಿ ದುಡ್ಡು ಎಣಿಸುತ್ತಿದ್ದರು. ಬೆಂಕಿ ಕೊಡೋಕೆ ಡೋಮರಿಗೆ ಬೇರೆ.

ನಮ್ಮೂರಲ್ಲಿ ಸಾವಿನ ಮನೆಗೆ ಸೌದೆ ಊರವರೇ ಹೊತ್ತು ತರ್ತಿದ್ದರು. ಯಾರಾದರೂ ದುಡ್ಡು ಕೇಳಿದ್ದರೆ ಊರೇ ಉಗೀತಿತ್ತು. ಹಾಗಂತ ಡೋಮರದ್ದು ತಪ್ಪಾ? ನನಗನ್ನಿಸಲಿಲ್ಲ. ಹೆಣ ಸುಡೋ ಕೆಲಸವನ್ನ ಒಂದು ಜಾತಿಯ ತಲೆಗೆ ಕಟ್ಟಿ, ಹಗಲು ರಾತ್ರಿ ಹೊಗೆಯಲ್ಲಿ ನಿಲ್ಲಿಸಿ, ಆಮೇಲೆ ಕೂಲಿ ಕೇಳಬೇಡಿ ಅನ್ನೋದು ಯಾವ ನ್ಯಾಯ ಹೇಳಿ?

ರಾಘವಾಂಕನ ಹರಿಶ್ಚಂದ್ರನೂ ಸುಂಕ ಕೇಳಿದವನೇ ಅಲ್ವಾ, ಅದೂ ಮಗನ ಹೆಣ ತಂದ ಹೆಂಡತಿ ಹತ್ತಿರ! (ಅವನ ಹೆಸರಿನ ಘಾಟ್ ಇಲ್ಲಿಂದ ದಕ್ಷಿಣಕ್ಕಿದೆ.) ಚಿಕ್ಕಂದಿನಲ್ಲಿ ನಾಟಕ ನೋಡಿ ಅವನ ಮೇಲೆ ಸಿಟ್ಟು ಬಂದಿತ್ತು. ಈಗನ್ನಿಸುತ್ತೆ, ಆ ಸುಂಕ ಒಡೆಯ ವೀರಬಾಹುವಿನದು, ಬಿಟ್ಟುಕೊಡೋಕೆ ಇವನದಲ್ಲ.

ಆದರೆ ಅವತ್ತು ಒಬ್ಬ ಸೌದೆಯವನು ತಕ್ಕಡಿಗೆ ಹಸಿ ಸೌದೆ ಏರಿಸುತ್ತಿದ್ದ. ತಲೆ ಬೋಳಿಸಿಕೊಂಡು ನಿಂತಿದ್ದ ಹುಡುಗನಿಗೆ ಅದನ್ನೆಲ್ಲ ನೋಡೋ ಸ್ಥಿತಿ ಎಲ್ಲಿ? "ಬಾಬೂಜೀ, ಇಲ್ಲೆಲ್ಲ ಇದು ಹೀಗೇ" ಅಂದ ನಮ್ಮ ದೋಣಿಯವ. ದುಡ್ಡು ಕೇಳೋದು ಬಿಡೋದು ಊರಿಂದೂರಿಗೆ ಬದಲಾಗಬಹುದು ಕಣ್ರೀ. ನೀರಿನ ತೂಕಕ್ಕೆ ಸೌದೆ ಬೆಲೆ ಹಾಕೋದು ಎಲ್ಲಿ ಮಾಡಿದರೂ ಮೋಸವೇ.

ಅಲ್ಲಿ ನಾನು ಬಾಯಿ ಬಿಡಲಿಲ್ಲ. ಹಿಂದಿ ಚೆನ್ನಾಗೇ ಬರುತ್ತೆ ನನಗೆ.