ಓದಿನ ನಡುಹಾದಿಯಲ್ಲಿ ನಿಂತ ಮಕ್ಕಳು

ಐದನೆಯ ಹಾಗೂ ಎಂಟನೆಯ ಇಯತ್ತೆಯ ಮಕ್ಕಳನ್ನು ನಪಾಸು ಮಾಡಬೇಕೋ ಬೇಡವೋ ಎಂಬ ವಾದವು ಕೆಲವು ವರ್ಷಗಳಿಂದ ನಡೆದೇ ಇದೆ. ಎಂಟನೆಯ ಇಯತ್ತೆಯ ವರೆಗೆ ಯಾರನ್ನೂ ಹಿಂದೆ ನಿಲ್ಲಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿತ್ತು. 2019ರ ತಿದ್ದುಪಡಿಯು ಈ ನಿರ್ಣಯವನ್ನು ಸರಕಾರಗಳ ವಿವೇಚನೆಗೆ ಬಿಟ್ಟಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ತನ್ನ ಶಾಲೆಗಳಲ್ಲಿ ನಪಾಸಾದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆಯನ್ನೂ, ಅದರಲ್ಲಿಯೂ ಸೋತವರಿಗೆ ಅದೇ ಇಯತ್ತೆಯನ್ನೂ ಗೊತ್ತುಮಾಡಿತು. ನಮ್ಮ ರಾಜ್ಯದ ಬೋರ್ಡು ಪರೀಕ್ಷೆಯ ತಂಟೆಯಾದರೂ 2024ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಲನ್ನೇರಿತು. ಇಷ್ಟೆಲ್ಲ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗಿದೆ: ಹಿಂದೆ ಬಿದ್ದ ಮಗುವಿಗೆ ಕಲಿಸುವವರು ಯಾರು, ಮತ್ತು ಹೇಗೆ?

ಸ್ಥಿತಿಯು ಹಗುರಾದುದಲ್ಲ. ಪ್ರಥಮ್ ಸಂಸ್ಥೆಯವರು ದೇಶದ ಹಳ್ಳಿಗಳಲ್ಲಿ ನಡೆಯಿಸುವ ‘ಅಸರ್’ ಸಮೀಕ್ಷೆಯನ್ನು ನೋಡಿರಿ. ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲ ಐದನೆಯ ಇಯತ್ತೆಯವರು 2018ರಲ್ಲಿ ನೂರಕ್ಕೆ ಸುಮಾರು 50 ಜನರಿದ್ದರು. ಶಾಲೆಗಳು ಮುಚ್ಚಿದ್ದ ಕಾಲವು ಕಳೆದ ಮೇಲೆ, 2022ರಲ್ಲಿ, ಅವರು ಸುಮಾರು 43 ಆದರು. 2024ರಲ್ಲಿ ಪುನಃ 49ರ ಸಮೀಪಕ್ಕೆ ಬಂದರು. ಎಂಟನೆಯ ಇಯತ್ತೆಯಲ್ಲಿಯೂ 2022ರಲ್ಲಿ ನೂರಕ್ಕೆ ಸುಮಾರು 30 ಮಕ್ಕಳು ಆ ಪಾಠವನ್ನು ಓದಲಾರದೆ ಹೋದರು. ಏಳೆಂಟು ವರ್ಷಗಳ ಈ ಸಾಲವನ್ನು ಎರಡು ತಿಂಗಳಲ್ಲಿ ತೀರಿಸುವ ಮಾಸ್ತರರು ಎಲ್ಲಿಯಾದರೂ ಇದ್ದರೆ ಅವರಿಗೆ ನಮ್ಮ ನಮಸ್ಕಾರ.

ಸರಕಾರವು ಏನೂ ಮಾಡಿಲ್ಲವೆಂದು ನಾವು ಹೇಳಲಾರೆವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿ-ಕಲಿ’ ಪದ್ಧತಿಯು ನಾಡಿಗೆಲ್ಲ ಹಬ್ಬಿತು. 2021ರ ‘ನಿಪುಣ್ ಭಾರತ’ ಯೋಜನೆಯೂ ಬಂದಿತು. ಆದರೆ ಇವೆರಡರ ದೃಷ್ಟಿಯೂ ಮೂರನೆಯ ಇಯತ್ತೆಯ ಆಚೆಗೆ ಹೋಗುವುದಿಲ್ಲ. 2022-23ರ ‘ಕಲಿಕಾ ಚೇತರಿಕೆ’ಯು ಮೇಲಿನ ಇಯತ್ತೆಗಳನ್ನೂ ಒಳಗೊಂಡಿತ್ತಾದರೂ ಒಂದು ವರ್ಷದ ಔಷಧದಿಂದ ಹಳೆಯ ರೋಗವು ವಾಸಿಯಾಗದು. ಹತ್ತು ವರ್ಷದ ಹುಡುಗನು ಎಳೆಯರ ಯೋಜನೆಗೆ ದೊಡ್ಡವನು, ದೊಡ್ಡವರ ಪುಸ್ತಕಕ್ಕೆ ಚಿಕ್ಕವನು.

ತೊಡಕಿರುವುದು ಇಲ್ಲಿಯೇ. ಕೆಳಗಿನ ಇಯತ್ತೆಗಳಲ್ಲಿ ಪಾಠವೆಂದರೆ ಕಥೆ. ನರಿಯೂ ಕಾಗೆಯೂ ಮಗುವನ್ನು ಕೈಹಿಡಿದು ನಡೆಯಿಸುತ್ತವೆ. ಐದನೆಯದಕ್ಕೆ ಬಂದೊಡನೆ ಭೂಗೋಲ, ವಿಜ್ಞಾನ, ಪೌರನೀತಿಗಳು ಎದುರು ನಿಲ್ಲುತ್ತವೆ. ಅಲ್ಲಿ ಕಥೆಯಿಲ್ಲ, ಕಾರಣವುಂಟು, ಪರಿಣಾಮವುಂಟು, ಉದ್ದುದ್ದದ ಸಂಸ್ಕೃತ ಸಮಾಸಗಳುಂಟು. “ಅಂತರ್ಜಲದ ಮಟ್ಟವು ಕುಸಿಯುತ್ತಿದೆ” ಎಂಬ ವಾಕ್ಯವನ್ನು ಹುಡುಗನು ತಡವರಿಸದೆ ಓದುತ್ತಾನೆ. ಅರ್ಥವನ್ನು ಕೇಳಿದರೆ ಬೆಪ್ಪಾಗಿ ನಿಲ್ಲುತ್ತಾನೆ. ಅವನ ತಂದೆಯ ಕೊಳವೆಬಾವಿಯು ಹಿಂದಿನ ಬೇಸಗೆಯಲ್ಲಿ ಬತ್ತಿದೆ. ಮತ್ತೊಂದನ್ನು ಕೊರೆಯಿಸಲು ಮನೆಯಲ್ಲಿ ಸಾಲವಾಗಿದೆ. ವಿಷಯವೆಲ್ಲ ಅವನಿಗೆ ಗೊತ್ತು. ಗೊತ್ತಿಲ್ಲದ್ದು ಪುಸ್ತಕದ ಮಾತು. ಇಂಥವನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸುವುದು ನ್ಯಾಯವೇ?

ಬರವಣಿಗೆಯ ಪಾಡು ಇನ್ನೂ ಕನಿಷ್ಠ. ಕರಿಹಲಗೆಯ ಮೇಲಿನ ಉತ್ತರವನ್ನು ನಕಲುಮಾಡುವುದು, ಗೈಡುಗಳಿಂದ ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸುವುದು: ಇದಕ್ಕೆ ಬರವಣಿಗೆಯೆಂದು ಹೆಸರು. ತನ್ನದೆಂಬ ಒಂದು ವಾಕ್ಯವನ್ನೂ ಬರೆಯದೆ ಹುಡುಗನು ಏಳನೆಯ ಇಯತ್ತೆಯನ್ನು ದಾಟಬಹುದು. ಮುಂದೆ ಅವನೇ ಕಚೇರಿಯ ಕಟ್ಟೆಯ ಮೇಲೆ ಅರ್ಜಿ ಬರೆಯಿಸಲು ಮತ್ತೊಬ್ಬನಿಗೆ ಹಣ ಕೊಡುತ್ತಾನೆ. ಅಧಿಕಾರಿಗಳು ಇದನ್ನು ದಿನಾಲು ಕಣ್ಣಾರೆ ಕಾಣುತ್ತಾರೆ.

ಉಪಾಯಗಳು ದುಬಾರಿಯವಲ್ಲ. ದಿನಕ್ಕೊಂದು ತಾಸು ಮಕ್ಕಳನ್ನು ಇಯತ್ತೆಯಂತಲ್ಲ, ಓದುವ ಶಕ್ತಿಯಂತೆ ಗುಂಪು ಮಾಡಿ ಕೂಡ್ರಿಸಬೇಕು. ಪಾಠವನ್ನು ತೆರೆಯುವ ಮುಂಚೆ ಆ ವಿಷಯವಾಗಿ ಅವರ ಮನೆಮಾತಿನಲ್ಲಿಯೇ ಮಾತಾಡಿಸಬೇಕು. ಕಠಿಣ ಶಬ್ದವನ್ನು ಬಿಡಿಸಿ ತೋರಿಸಬೇಕು: ‘ಅಂತರ್’ ಎಂದರೆ ಒಳಗೆ, ‘ಜಲ’ವೆಂದರೆ ನೀರು. ಒಂದು ಪರಿಚ್ಛೇದವನ್ನು ಓದಿ ಪುಸ್ತಕವನ್ನು ಮುಚ್ಚಿ, “ಏನು ಹೇಳಿತು?” ಎಂದು ಕೇಳಬೇಕು. ಬಾಯಲ್ಲಿ ಹೇಳಿದ್ದನ್ನು ಮೂರೇ ವಾಕ್ಯಗಳಲ್ಲಿ ಬರೆಯಿಸಬೇಕು. ಸಂತೆಯ ಧಾರಣೆ, ಊರ ಕೆರೆಯ ಸ್ಥಿತಿ, ಕೆಟ್ಟ ನಳದ ಬಗ್ಗೆ ಪಂಚಾಯತಿಗೊಂದು ಕಾಗದ, ಇವೇ ಪ್ರಬಂಧಗಳಾಗಲಿ. ತಿದ್ದುವಾಗ ಹಾಳೆಯನ್ನೆಲ್ಲ ಕೆಂಪು ಮಾಡದೆ ಒಂದೆರಡು ತಪ್ಪುಗಳನ್ನಷ್ಟೇ ತೋರಿಸಬೇಕು. ಹೆದರಿದ ಕೈ ಬರೆಯಲಾರದು.

ಪುಸ್ತಕಗಳಿಗೆ ಬಡತನವೆಂಬುದೂ ನಿಜವಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ವನ್ನು ಕೊಟ್ಟರು, ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯು ಬಂದಿತು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ವನ್ನು ಹೊರಡಿಸಿತು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಾಗಿದ್ದು, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವವೂ ದೊರೆತಿದೆ. ಕಪಾಟಿನಿಂದ ಪುಸ್ತಕವನ್ನು ತೆಗೆದು ಮಗುವಿನ ಕೈಯಲ್ಲಿಟ್ಟು ಪಕ್ಕದಲ್ಲಿ ಕೂಡ್ರುವ ದೊಡ್ಡವರಿಗೇ ಬರ.

ಕೊನೆಗೆ ಹೊತ್ತಿನ ಮಾತು. 2025ರ ದಸರೆಯ ರಜೆಯಲ್ಲಿ ಮಾಸ್ತರರನ್ನು ಸಾಮಾಜಿಕ ಸಮೀಕ್ಷೆಗೆ ನಿಯಮಿಸಲಾಯಿತು. ಕೆಲಸವು ಮುಗಿಯದೆ ಅಕ್ಟೋಬರ 18ರ ವರೆಗೆ ರಜೆಯನ್ನೇ ಬೆಳೆಸಲಾಯಿತು. ಸಮೀಕ್ಷೆಯ ಗುಣದೋಷವನ್ನು ನಾವು ಇಲ್ಲಿ ಎತ್ತುವುದಿಲ್ಲ. ಆದರೆ ಮಾಸ್ತರರನ್ನು ಮನೆಮನೆಗೆ ಅಲೆಯಿಸಿ, ಬಳಿಕ ಮಗುವನ್ನು ನಪಾಸು ಮಾಡುವ ಹಕ್ಕನ್ನು ಬೇಡುವುದು ಯಾವ ನೀತಿ?

ನಪಾಸು ಮಾಡುವ ಅಧಿಕಾರವು ಬೇಕೆನ್ನುವವರು ಮೊದಲು ಕಲಿಸುವ ಹೊಣೆಯನ್ನು ಹೊರಲಿ. ಪಟ್ಟಣದ ಸುಶಿಕ್ಷಿತರೂ ವಾರಕ್ಕೆರಡು ಸಂಜೆ ಹತ್ತಿರದ ಶಾಲೆಗೋ ವಾಚನಾಲಯಕ್ಕೋ ಹೋಗಿ ನಾಲ್ಕು ಮಕ್ಕಳ ಓದನ್ನು ಕೇಳಲಿ. ತನ್ನ ಹೊಲದ ನೀರಿನ ಸಂಗತಿಯನ್ನು ತನ್ನ ನುಡಿಯಲ್ಲಿ ಓದಲೂ ಬರೆಯಲೂ ಬಾರದ ಮಕ್ಕಳನ್ನು ಬೆಳೆಸಿ, ಕನ್ನಡವು ಬಾಳಲೆಂದು ಜಯಘೋಷ ಮಾಡುವುದರಲ್ಲಿ ಅರ್ಥವಿಲ್ಲ.