ಏಕಮಾನ ಬರೆಯದ ಉತ್ತರ

ಏಕಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಿದ್ದ ನನ್ನ ಮೇಲೆ ನಿಮ್ಮಲ್ಲಿ ಹಲವರಿಗೆ ಇಂದಿಗೂ ಮುನಿಸಿರಬಹುದು. ಸಂಖ್ಯೆ ಯಾವ ಬಗೆಯದೆಂದು ತಿಳಿಯದೆ ಲೆಕ್ಕಕ್ಕೆ ಅರ್ಥವಿಲ್ಲ ಎಂಬ ನನ್ನ ಮಾತು ಕಂಪ್ಯೂಟರ್ ಭಾಷೆಗಳಿಗೂ ಸಲ್ಲುತ್ತದೆ.

1972ರ ಸುಮಾರಿಗೆ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಚರಾಕ್ಷರವು ಪೂರ್ಣಾಂಕವೇ, ದಶಮಾಂಶವೇ ಎಂಬುದನ್ನು ಮೊದಲೇ ಘೋಷಿಸಬೇಕು. 1991ರಲ್ಲಿ ಬಂದ ಪೈಥಾನ್‌ನಲ್ಲಿ ಈ ಕಟ್ಟುಪಾಡಿಲ್ಲ. ಒಂದೇ ಹೆಸರು ಈಗ ಸಂಖ್ಯೆಯನ್ನೂ ಮರುಕ್ಷಣ ಪದವನ್ನೂ ಸೂಚಿಸಬಹುದು. ಆದರೂ 5 ಎಂಬ ಸಂಖ್ಯೆಗೆ ಉದ್ಧರಣ ಚಿಹ್ನೆಯೊಳಗಿನ "3" ಅನ್ನು ಕೂಡಿಸಲು ಹೇಳಿದರೆ ಅದು ತಪ್ಪೆಂದು ನಿಂತುಬಿಡುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ತಕರಾರಿಲ್ಲದೆ "53" ಎನ್ನುತ್ತದೆ. ಕಳೆಯಲು ಹೇಳಿದರೆ 2 ಎನ್ನುತ್ತದೆ! ತಪ್ಪನ್ನು ತೋರಿಸದ ಈ ದಾಕ್ಷಿಣ್ಯವೇ ಅಪಾಯಕಾರಿ.

ಕಲಿಯುವ ಮಕ್ಕಳಿಗೆ ಪೈಥಾನ್ ಸುಲಭವೆಂಬುದು ನಿಜ. ಆದರೆ ದೊಡ್ಡ ಪ್ರೋಗ್ರಾಂ ಬರೆಯುವವರಲ್ಲಿ ಅನೇಕರು ಘೋಷಣೆಗೇ ಮರಳಿದ್ದಾರೆ. ಜಾವಾಸ್ಕ್ರಿಪ್ಟ್‌ನ ಮೇಲೆ 2012ರಲ್ಲಿ ಟೈಪ್‌ಸ್ಕ್ರಿಪ್ಟ್ ಬಂದಿತು. ಪೈಥಾನ್‌ಗೂ 2015ರಲ್ಲಿ ಬಗೆಯನ್ನು ಸೂಚಿಸುವ ಪದ್ಧತಿ ಸೇರಿತು.

ಆದ್ದರಿಂದ ನಿಮ್ಮ ಮಕ್ಕಳು ಪೈಥಾನ್‌ನಿಂದಲೇ ಆರಂಭಿಸಲಿ. ಆದರೆ ಬಗೆಯನ್ನು ಬರೆದಿಡುವ ಅಭ್ಯಾಸವನ್ನೂ ಜೊತೆಗೇ ಮಾಡಿಸಿ. ಅರ್ಧ ಅಂಕ ಕಳೆಯುವ ಮೇಷ್ಟರು ಅವರ ಬೆನ್ನಹಿಂದೆ ಸದಾ ಇರುವುದಿಲ್ಲ.